ಹೆಸರು ಕತ್ತರಿಸಿದ ವರದಿ

ನನಗೆ ಮೈಮೇಲೆ ಪಿತ್ತದ ಗಂಧೆ ಏಳತೊಡಗಿ ಆರು ವರ್ಷವಾಯಿತು. ಬೆಳಿಗ್ಗೆ ಎದೆ, ತೊಡೆಯ ಮೇಲೆ ಕೆಂಪಗೆ ಉಬ್ಬುತ್ತವೆ, ಕೆರೆದು ಕೆರೆದು ಸಾಕಾಗುವಷ್ಟರಲ್ಲಿ ಗುರುತೂ ಇಲ್ಲದೆ ಮಾಯವಾಗುತ್ತವೆ. ಡಾಕ್ಟರ ಮುಂದೆ ಕೂತಾಗ ತೋರಿಸಲು ಒಂದೂ ಇರುವುದಿಲ್ಲ. ಸುಳ್ಳು ಸಾಕ್ಷಿ ಹೇಳಲು ಬಂದವನಂತೆ ಅಂಗಿಯ ಗುಂಡಿ ಹಾಕಿಕೊಂಡು ಎದ್ದು ಬರುತ್ತೇನೆ. ಬೇರೆಯವರು ಇದಕ್ಕೆ ಕಂಬಳಿಯಿಂದ ಮೈ ತಿಕ್ಕಿ, ಆಮಸೋಲದ ಹುಳಿನೀರು ಹಚ್ಚಿಕೊಂಡು ಮರೆತುಬಿಡುತ್ತಾರೆ. ನಾನು ರಕ್ತ ತಪಾಸಣೆ ಮಾಡಿಸುತ್ತೇನೆ.

ಗೋಳಗುಮ್ಮಟದ ಕಡೆಯ ಲ್ಯಾಬಿನಲ್ಲಿ ನಾನು ಚಪ್ಪಲಿ ಬಿಡುವುದರೊಳಗೆ ಸಿಆರ್‌ಪಿ, ಇಎಸ್‌ಆರ್ ಎಂದು ಚೀಟಿ ಬರೆದಿಟ್ಟಿರುತ್ತಾರೆ. ಒಂದು, ಒಳಗೆ ಉರಿಯೂತವಿದ್ದಾಗ ಯಕೃತ್ತು ರಕ್ತಕ್ಕೆ ಬಿಡುವ ಪ್ರೋಟೀನು. ಇನ್ನೊಂದು, ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ಕಣಗಳು ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂಬ ಅಳತೆ. ಏರಿದ್ದರೆ ಮೈಯಲ್ಲೆಲ್ಲೋ ಕಿಚ್ಚು ಹತ್ತಿದೆ ಎಂದು ತಿಳಿಯಬೇಕು. ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಚಿಂತೆಯೇ ಕಸುಬಾದವನಿಗೆ ಇನ್ನೇನು ಬೇಕು. ನನ್ನವು ಪ್ರತಿ ಸಲವೂ ನಾರ್ಮಲ್ ಬರುತ್ತಿದ್ದವು. ಎರಡು ದಿನ ನಿರಾಳ, ಮೂರನೆಯ ದಿನ ಲ್ಯಾಬಿನವರೇ ತಪ್ಪಿರಬಹುದು ಎಂಬ ಅನುಮಾನ.

ಅಕ್ಕ ಮತ್ತು ಅವಳ ಗಂಡ, ನನ್ನ ಮಾವ, ಇರುವುದು ಬಬಲೇಶ್ವರದಲ್ಲಿ; ಅವಳ ನೌಕರಿ ತಿಕೋಟಾದ ಶಾಲೆಯಲ್ಲಿ. ನನ್ನ ವರದಿಗಳ ಫೈಲು ಕಂಡರೆ ಅವಳಿಗೆ ನಗು.

“ಲೇ, ನಿನ್ನ ಮೈಯಾಗ ಇರೂದಕ್ಕಿಂತ ಲ್ಯಾಬಿನ್ಯಾಗ ನಿನ್ನ ರಕ್ತ ಜಾಸ್ತಿ ಐತಿ.”

ಹೋದ ವರ್ಷ ಅವಳಿಗೂ ಶುರುವಾಯಿತು. ಬಬಲೇಶ್ವರದ ಡಾಕ್ಟರು ಅವೇ ಎರಡು ತಪಾಸಣೆ ಬರೆದುಕೊಟ್ಟರು. ಅಕ್ಕ ನನಗೆ ಫೋನು ಮಾಡಿದಳು.

“ತಮ್ಮಾ, ನಿಂದೊಂದು ರಿಪೋರ್ಟ್ ಕಳಸು. ಹೆಸರು ಕಾಣದಂಗ ಕಳಸು.”

“ನಿನ್ನ ರಕ್ತ ಬ್ಯಾರೆ, ನನ್ನ ರಕ್ತ ಬ್ಯಾರೆ ಅಕ್ಕಾ.”

“ಹೆಂಗ ಬ್ಯಾರೆ? ಒಂದ ತಾಯಿ ಹೊಟ್ಯಾಗ ಹುಟ್ಟೀವಿ. ಅವ್ವಗೂ ಪಿತ್ತ ಏಳ್ತಿತ್ತು, ನಿನಗೂ ಅದ, ನನಗೂ ಅದ. ಸೂಜಿ ಕಂಡ್ರ ನನಗ ಚಕ್ಕರ್ ಬರ್ತೈತಿ, ಗೊತ್ತಿಲ್ಲೇನು? ನೀ ಕೊಟ್ಟ ರಕ್ತ ನಮ್ಮ ಮನಿತನಕ್ಕೆಲ್ಲಾ ಸಾಕು.”

ನಾನೂ ನಕ್ಕೆ. ವರದಿಯ ಫೋಟೋ ತೆಗೆದು, ಮೇಲಿನ ಸಾಲನ್ನು ಬೆರಳಿನಿಂದ ಸರಿಸಿ ಕತ್ತರಿಸಿದೆ. ಹೆಸರು, ವಯಸ್ಸು, ಗಂಡಸು ಎಂಬ ಗುರುತು, ಎಲ್ಲ ಹೋಯಿತು. ಫೋನಿನಲ್ಲಿ ಹಾಗೆ ಕತ್ತರಿಸಲು ಕಲಿತದ್ದು ಅವತ್ತೇ. ಒಳ್ಳೇ ಕೆಲಸವೇ ಮಾಡಿದಂತೆ ಖುಷಿಯಾಗಿತ್ತು.

ಆದರೆ ಅದಕ್ಕೂ ಎರಡು ವಾರ ಮೊದಲು ಅವಳ ತೋಳನ್ನು ನಾನು ನೋಡಿದ್ದೆ. ಅವಳ ಗಂಧೆಗಳು ತುರಿಸುತ್ತಿರಲಿಲ್ಲ, ಉರಿಯುತ್ತಿದ್ದವು. ಎರಡು ಮೂರು ದಿನ ಕದಲುತ್ತಿರಲಿಲ್ಲ, ಹೋಗುವಾಗ ಕಂದು ಕಲೆ ಬಿಟ್ಟು ಹೋಗುತ್ತಿದ್ದವು. ಅಂಥವು ಬೇರೆ ಜಾತಿಯವು, ಬಿಡದೆ ತಪಾಸಣೆ ಮಾಡಿಸಬೇಕು ಎಂದು ಓದಿದ್ದೆ. ಸಿಕ್ಕ ಕಾಯಿಲೆಯನ್ನೆಲ್ಲ ಓದುವವನು ನಾನು. ಓದಿಯೂ ಕಳಿಸಿದೆ. ಅವಳದು ಏರಿದೆ ಎಂದು ಬಂದರೆ ನಾಳೆ ನನ್ನದೂ ಏರೀತು ಎಂಬ ಭಯ ನನಗಿತ್ತು. ಒಂದೇ ರಕ್ತ ಎಂಬ ಅವಳ ಮಾತನ್ನು ಅವಳಿಗಿಂತ ಹೆಚ್ಚು ನಂಬಿದವನು ನಾನೇ.

ಡಾಕ್ಟರು ಫೋಟೋ ನೋಡಿ ಸಾದಾ ಅಲರ್ಜಿ ಮಾತ್ರೆ ಕೊಟ್ಟರು. ಐದು ತಿಂಗಳಲ್ಲಿ ಅಕ್ಕನ ಕಾಲುಗಳು ಚಪ್ಪಲಿಯಲ್ಲಿ ಹಿಡಿಸದಷ್ಟು ಬಾತವು. ವಿಜಯಪುರದ ಆಸ್ಪತ್ರೆಗೆ ಸೇರಿಸಿದೆವು. ಎರಡೂ ಅಂಕಿ ಬಹಳ ಏರಿದ್ದವು. ಚರ್ಮದ ಚೂರು ತೆಗೆದು ನೋಡಿದರೆ ಸಣ್ಣ ರಕ್ತನಾಳಗಳಲ್ಲೇ ಉರಿಯೂತ; ಅದು ಮೂತ್ರಪಿಂಡಕ್ಕೂ ಮುಟ್ಟಿತ್ತು.

ಅಲ್ಲಿಯ ಡಾಕ್ಟರು ಹಳೆಯ ಫೋಟೋ ನೋಡಿದರು. “ಐದು ತಿಂಗಳ ಹಿಂದ ಛಲೋ ಇತ್ತಲ್ರಿ. ಅಂದ್ರ ಇದು ಈಚೀಗೆ ಶುರು ಆಗೇತಿ.”

ಅವರ ಹಿಂದೆಯೇ ಹೊರಗೆ ಹೋಗಿ, ಆ ವರದಿ ನನ್ನದು ಎಂದೆ. ಅವರು ನಿಂತಲ್ಲೇ ಕೇಸ್ ಪೇಪರಿನಲ್ಲಿ ಒಂದು ಸಾಲು ಹೊಡೆದುಹಾಕಿದರು.

“ಆವಾಗ ಗೊತ್ತಾಗಿದ್ರ ಉಳೀತಿದ್ದಳೇನ್ರಿ?” ಎಂದು ಕೇಳಿದೆ. ಅವಳು ಇನ್ನೂ ಬದುಕಿದ್ದಳು; ನನ್ನ ಬಾಯಿಂದ ಬಂದದ್ದು ಹಾಗೆ.

“ಈಗ ಅದನ್ನ ಕೇಳಬ್ಯಾಡ್ರಿ,” ಎಂದರು.

ಒಳಗೆ ಬಂದಾಗ ನರ್ಸು ರಕ್ತ ತೆಗೆಯುತ್ತಿದ್ದಳು. ಅಕ್ಕ ಗೋಡೆ ಕಡೆ ಮುಖ ಮಾಡಿ ತೋಳು ಚಾಚಿದ್ದಳು.

“ಹೇಳಿದಿ?”

“ಹೂಂ.”

“ಮನ್ಯಾಗ ಹೇಳಬ್ಯಾಡ. ನಿಮ್ಮ ಮಾವ ನಿನ್ನ ಮಾತಾಡ್ಸೂದು ಬಿಡ್ತಾರ.” ಗೋಡೆ ನೋಡುತ್ತಲೇ, “ಇವತ್ತೂ ನಿಂದ ಕೊಟ್ರ ನಡೀತೈತೇನು ಕೇಳು,” ಎಂದಳು. ನರ್ಸು ಅರ್ಥವಾಗದೆ ನನ್ನ ಮುಖ ನೋಡಿದಳು.

ಔಷಧಿ, ಡಯಾಲಿಸಿಸ್, ನಡುವೆ ಸೋಂಕು. ಎರಡನೆಯ ತಿಂಗಳಲ್ಲಿ ಅಕ್ಕ ಹೋದಳು.

ಮಾತನಾಡಿಸಲು ಬಂದವರಿಗೆಲ್ಲ ಮಾವ ಫೋನಿನಲ್ಲಿ ಆ ಫೋಟೋ ತೋರಿಸುತ್ತಾರೆ. “ನೋಡ್ರಿ, ಎಲ್ಲಾ ನಾರ್ಮಲ್ ಇತ್ತು. ತಪಾಸಣಿ ಮಾಡಿಸಿದ್ದಳು. ನಾವೇನೂ ಕಡಿಮಿ ಮಾಡ್ಲಿಲ್ಲ.” ಆ ಮಾತೇ ಅವರನ್ನು ಹಿಡಿದು ನಿಲ್ಲಿಸಿದೆ.

ಮೊನ್ನೆ ಬಬಲೇಶ್ವರಕ್ಕೆ ಹೋದಾಗ ಫೋನನ್ನು ನನ್ನ ಕೈಗೇ ಕೊಟ್ಟರು. “ನೀ ಇಂಥಾವೆಲ್ಲಾ ಓದಾಂವ. ಇದರಾಗ ಏನರ ಇತ್ತೇನು ತಮ್ಮಾ, ನಮಗ ತಿಳೀದಂಥಾದ್ದು?”

ಫೋಟೋ ದೊಡ್ಡದು ಮಾಡಿ, ಒಂದೊಂದೇ ಸಾಲು ಓದಿದಂತೆ ಮಾಡಿದೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

“ಇಲ್ಲ ಮಾವ,” ಎಂದೆ. “ಏನೂ ಇರಲಿಲ್ಲ.”