ಐದನೇ ನೀರಿಗೆ ಸಾಕು ಅಂದೆ

ನನ್ನ ನಾಲಿಗೆ ಯಾವಾಗ ಸತ್ತಿತೋ ನನಗೆ ಗೊತ್ತಾಗಲಿಲ್ಲ. ಕಣ್ಣು ಮಂಜಾದರೆ ಗೊತ್ತಾಗುತ್ತದೆ, ದಾರ ಸೂಜಿಗೆ ಹೋಗುವುದಿಲ್ಲ. ಕಿವಿ ಹೋದರೆ ಮನೆಯವರು ಕೂಗಿ ಹೇಳುತ್ತಾರೆ. ನಾಲಿಗೆ ಹೋದರೆ ಮಾತ್ರ ತಪ್ಪೆಲ್ಲ ಅಡಿಗೆ ಮಾಡಿದವಳದು ಅನ್ನಿಸುತ್ತದೆ. ಒಂದು ಚಳಿಗಾಲದಲ್ಲಿ ಜ್ವರ ಬಂದು ಹತ್ತು ದಿನ ಮಲಗಿದ್ದೆ. ಎದ್ದ ಮೇಲೆ ಸೊಸೆಯ ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ ಎಂದು ದಿನಾ ಬೈದೆ. ಅವಳು ಉಪ್ಪಿನ ಡಬ್ಬಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಸೊಕ್ಕು ಅಂದುಕೊಂಡೆ.

ನಮ್ಮದು ವಿಭೂತಿ ಮಾಡುವ ಮನೆ. ತಾಳವಾಡಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಎರಡು ಎಕರೆ ಹೊಲ ಇದೆ, ರಾಗಿ ಬೆಳೆದು ತಿನ್ನುತ್ತೇವೆ. ಆದರೆ ಸುತ್ತಿನ ಊರಿನವರಿಗೆ ನಮ್ಮ ಮನೆ ಗೊತ್ತಿರುವುದು ವಿಭೂತಿ ಗಟ್ಟಿಯಿಂದ. ಮೂರನೇ ಕ್ಲಾಸು ಬಿಟ್ಟು, ಮೈ ನೆರೆದ ಮೇಲೆ ಈ ಮನೆಗೆ ಬಂದೆ. ಕೆಲಸವನ್ನು ಅತ್ತೆ ಕಲಿಸಿದಳು. ಕಲಿಸಿದಳು ಅನ್ನುವುದು ದೊಡ್ಡ ಮಾತು. ಅವಳು ಮಾಡುತ್ತಿದ್ದಳು, ನಾನು ಕೆಡಿಸುತ್ತಿದ್ದೆ, ಅವಳು ಬೈಯುತ್ತಿದ್ದಳು. ಹಾಗೆ ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ಬೈಯಲಿಲ್ಲ. ಬಂತು ಅಂದುಕೊಂಡೆ.

ಕೆಲಸ ಸುಲಭ ಅನ್ನುವವರು ಬಂದು ಮಾಡಿ ನೋಡಲಿ. ಬಯಲಲ್ಲಿ ಮೇಯುವ ಹಸುವಿನ ಸಗಣಿಯೇ ಬೇಕು, ಚೀಲದ ಹಿಂಡಿ ತಿಂದದ್ದು ಬೇಡ. ಅದನ್ನು ಉಂಡೆ ಕಟ್ಟಿ, ಕಲ್ಲಿನಂತೆ ಒಣಗಿಸಿ, ಗುಂಡಿಯಲ್ಲಿ ಹೊಟ್ಟಿನ ನಡುವೆ ಹೂತು ಸುಡಬೇಕು. ಬೆಂಕಿ ಉರಿಯಬಾರದು, ಒಳಗೇ ಬೇಯಬೇಕು. ಮೂರು ದಿನದ ಮೇಲೆ ತೆಗೆದರೆ ಕೆಲವು ಉಂಡೆ ಮಲ್ಲಿಗೆಯಂತೆ ಬೆಳ್ಳಗೆ ಇರುತ್ತವೆ, ಕೆಲವು ಒಳಗೆ ಕರ್ರಗೆ. ಕರಿದು ಪಾತ್ರೆ ಉಜ್ಜುವುದಕ್ಕೆ. ಬಿಳಿದನ್ನು ಕುಟ್ಟಿ, ನೀರಿನಲ್ಲಿ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ, ಮಣ್ಣಿನ ದೊಡ್ಡ ಬಾನೆಯಲ್ಲಿ ತಂಗಲು ಬಿಡಬೇಕು. ಬೂದಿ ತಳಕ್ಕೆ ಇಳಿಯುತ್ತದೆ, ಮೇಲೆ ಚಹಾದ ಬಣ್ಣದ ನೀರು ನಿಲ್ಲುತ್ತದೆ. ಮುಟ್ಟಿದರೆ ಸೋಪಿನಂತೆ ಜಾರುತ್ತದೆ. ಬೂದಿಯೊಳಗಿನ ಆ ಸುಡುವ ಗುಣಕ್ಕೇ ನಾವು ಖಾರ ಅನ್ನುವುದು. ಅದನ್ನು ಬಗ್ಗಿಸಿ ಚೆಲ್ಲಿ, ಹೊಸ ನೀರು ಹಾಕಿ ಕಲಕಬೇಕು. ಮತ್ತೆ ತಂಗಲು ಬಿಡಬೇಕು, ಮತ್ತೆ ಚೆಲ್ಲಬೇಕು. ದಿನಕ್ಕೆ ಒಂದೇ ನೀರು. ಖಾರ ಉಳಿದರೆ ಹಚ್ಚಿಕೊಂಡವರ ಹಣೆ ಸುಡುತ್ತದೆ.

ಎಷ್ಟು ನೀರು ಅಂದರೆ ಎಲ್ಲರೂ ಏಳು ಅನ್ನುತ್ತಾರೆ. ಅತ್ತೆ ಅದಕ್ಕೂ ಬೈಯುತ್ತಿದ್ದಳು. "ಏಳು ಅಂತ ಯಾವ ಸ್ವಾಮಿ ಯೋಳವ್ನೆ? ಮಳೆಗಾಲ್ದಲ್ಲಿ ದನ ಅಸಿ ಉಲ್ಲು ತಿಂದಿರ್ತವೆ, ಒಂಬತ್ತಾದ್ರೂ ಬೇಕು. ಲೆಕ್ಕ ಬುಡು, ನಾಲ್ಗೆಗೆ ಇಟ್ಟು ನೋಡು. ಕಚ್ಚಿದ್ರೆ ಇನ್ನೊಂದ್ ನೀರು." ಒಮ್ಮೆ ಸಾವಿನ ಮನೆಯವರು ಅವಸರ ಮಾಡಿದಾಗ ನಾನು ಬೇಗ ಸಾಕು ಮಾಡೋಣ ಅಂದಿದ್ದೆ. ನಮ್ಮಲ್ಲಿ ಸತ್ತವರನ್ನು ಗುಂಡಿಯಲ್ಲಿ ಕೂರಿಸಿ, ಮೈಗೆಲ್ಲ ವಿಭೂತಿ ಬಳಿದು ಮಣ್ಣು ಮಾಡುತ್ತೇವೆ. ಅವರಿಗೇನು ಉರಿಯುತ್ತದೆಯೇ ಎಂದು ಕೇಳಿದೆ. ಅತ್ತೆ ಕೈಯಲ್ಲಿದ್ದ ಸೌಟಿನಿಂದ ಬೆನ್ನಿಗೆ ಹೊಡೆದಳು. "ಉರೀತದೆ ಅಂತ ಬಾಯ್ಬುಟ್ಟು ಯೋಳಕಾಗಕಿಲ್ಲ ಅಂತ ಅವರ್ಗೆ ಮೋಸ ಮಾಡೀಯೇನಮ್ಮಿ?"

ಅತ್ತೆ ಹೋದ ಮೇಲೆ ನನ್ನ ನಾಲಿಗೆಯೇ ಮನೆಯ ನಾಲಿಗೆಯಾಯಿತು. ಚಾಮರಾಜನಗರದಿಂದ ಬಂದು ಕೇಳಿ ಒಯ್ಯುವವರಿದ್ದರು. ಸೀಮೆಸುಣ್ಣದ ಪುಡಿ ಬೆರೆಸಿ ಅಚ್ಚಿನಲ್ಲಿ ಒತ್ತಿದ ಗಟ್ಟಿ ಅಂಗಡಿಗೆ ಬಂದಾಗಲೂ ನಮ್ಮದನ್ನೇ ಕೇಳುತ್ತಿದ್ದರು. ನನಗೆ ಅದರ ಗರ್ವ ಇತ್ತು. ಇರಬಾರದಿತ್ತು ಎಂದು ಈಗಲೂ ಅನ್ನುವುದಿಲ್ಲ. ಗರ್ವ ಇಲ್ಲದಿದ್ದರೆ ಚಳಿಯಲ್ಲಿ ಬೆಳಗಿನ ಜಾವ ತಣ್ಣೀರಿಗೆ ಯಾರು ಕೈ ಹಾಕುತ್ತಾರೆ?

ನನ್ನ ಮಗ ದಿಂಬಂ ಘಾಟಿಯ ತಿರುವಿನಲ್ಲಿ ಎಲೆಕೋಸಿನ ಲಾರಿಯ ಕೆಳಗೆ ಹೋದ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೊಸೆಗೆ ಆಗ ಮೂವತ್ತು ತುಂಬಿರಲಿಲ್ಲ, ಒಂದು ಹೆಣ್ಣು ಮಗು. ತವರಿಗೆ ಹೋಗುತ್ತಾಳೆ ಅಂದುಕೊಂಡಿದ್ದೆ. ಹೋಗಲಿಲ್ಲ. ಹನ್ನೆರಡನೇ ದಿನ ಸೀರೆ ಎತ್ತಿ ಕಟ್ಟಿ ಬಾನೆಯ ಹತ್ತಿರ ಬಂದು ಕೂತಳು. "ಇದ್ನ ಕಲಿಸ್ಕೊಡಿ ಅತ್ತೆವ್ವ. ನಂಗೆ ಬ್ಯಾರೆ ಏನೂ ಬರಕಿಲ್ಲ" ಅಂದಳು. ನಾನೂ ಅತ್ತೆಯಂತೆಯೇ ಬೈದು ಕಲಿಸಿದೆ. ಆರು ವರ್ಷ ಬೈದೆ. ಕೈ ಒಳ್ಳೆಯದಿತ್ತು ಅವಳದು, ನನಗಿಂತ ನುಣ್ಣಗೆ ಗಟ್ಟಿ ಕಟ್ಟುತ್ತಿದ್ದಳು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾಲಿಗೆಗೆ ಇಟ್ಟು ನೋಡುವುದನ್ನು ಮಾತ್ರ ಅವಳಿಗೆ ಕೊಡಲಿಲ್ಲ.

ಜ್ವರದಿಂದ ಎದ್ದು ಎರಡು ತಿಂಗಳಾಗಿತ್ತು. ಆ ಸಲದ ಬೂದಿ ಚೆನ್ನಾಗಿ ಬೆಂದಿತ್ತು, ಒಂದೂ ಕರಿ ಉಂಡೆ ಬಂದಿರಲಿಲ್ಲ. ಐದನೇ ನೀರು ಚೆಲ್ಲಿದ ಮೇಲೆ ತಳದ ಬೂದಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟೆ. ಏನೂ ಇಲ್ಲ. ಕೆನೆ ಇಟ್ಟಂತಿತ್ತು. ಸಾಕು ಅಂದೆ.

ಸೊಸೆ ತಾನೂ ಒಂದು ಬೆರಳು ತೆಗೆದು ನೋಡಿ ಉಗಿದಳು. "ಇಲ್ಲ ಅತ್ತೆವ್ವ, ಇನ್ನೂ ಉರೀತದೆ. ಎರಡ್ ನೀರು ಬುಡಣ."

"ಬೆಳಿಗ್ಗೆ ಮೆಣ್ಸಿನ್ಕಾಯಿ ಕಡ್ದಿದ್ದೀಯ. ಅದು ಉರೀತಿರದು."

"ಮೆಣ್ಸಿನ್ಕಾಯಿ ಇಂಗ್ ಕಚ್ತದಾ? ಇದು ಸುಣ್ಣ ಕಚ್ದಂಗೆ ಕಚ್ತದೆ."

"ನಾನು ಈ ಕೆಲ್ಸಕ್ಕೆ ಕೈ ಆಕ್ದಾಗ ನಿಮ್ಮವ್ವಂಗೆ ಮದ್ವೇನೆ ಆಗಿರ್ನಿಲ್ಲ ಕಣಮ್ಮಿ. ಬಾಯ್ ಮುಚ್ಕಂಡು ಬಟ್ಟೆ ಇಡ್ಕೊ."

ಅವಳು ಬಟ್ಟೆ ಹಿಡಿದಳು. ಬೂದಿ ಗಂಟು ಕಟ್ಟಿ, ನೀರು ಇಳಿಸಿ, ಗಟ್ಟಿ ಮಾಡಿ ಒಣಗಿಸಿದೆವು. ನೋಡುವುದಕ್ಕೆ ಬೆಣ್ಣೆಯಂತೆ ಬಂತು. ತಾಳವಾಡಿಯ ಪೂಜೆ ಸಾಮಾನಿನ ಅಂಗಡಿಗೆ ನಾನೇ ಕುಕ್ಕೆಯಲ್ಲಿ ಒಯ್ದು ಕೊಟ್ಟೆ.

ಇಪ್ಪತ್ತು ದಿನದ ಮೇಲೆ ಅಂಗಡಿಗೆ ಹೋದರೆ, ಅಂಗಡಿಯವನು ಎರಡು ಗಟ್ಟಿ ತೆಗೆದು ಗಲ್ಲಾದ ಮೇಲೆ ಇಟ್ಟ. ಅವನದು ತಮಿಳು ಮನೆ, ನಮ್ಮೊಂದಿಗೆ ಎರಡೂ ಬೆರೆಸಿ ಮಾತಾಡುತ್ತಾನೆ: ಅಜ್ಜಿಗೆ ಪಾಟಿ, ನಾವು ಈಬತ್ತಿ ಅನ್ನುವ ವಿಭೂತಿಗೆ ತಿರುನೀರು, ಮಗುವಿಗೆ ಕೊಳಂದೆ. "ಪಾಟೀ, ನಿಮ್ ತಿರುನೀರು ವಾಪಸ್ ಬಂದದೆ. ಒಂದ್ ಮನೇಲಿ ಕೊಳಂದೆಗೆ ಲಿಂಗ ಕಟ್ಟೋ ದಿನ ಹಚ್ಚವ್ರೆ. ಹಣೆ ಬೊಬ್ಬೆ ಎದ್ದದೆ. ಅವ್ರ ಅಜ್ಜಿ ಬಂದು ಇಲ್ಲಿ ಎಸ್ದು ಹೋಯ್ತು."

ಅವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ನಿಮ್ ಕೈದಲ್ಲ ಅಂತ ತೆರಿಯುಂ ಪಾಟೀ, ನಂಗೊತ್ತು. ಅವ್ರಿಗೂ ಹೇಳ್ದೆ. ಸೊಸೆ ಮಾಡಿರೋದು, ಅಲ್ವಾ? ಈಗಿನವ್ರಿಗೆ ಎಲ್ಲಾ ಅವಸರಂ."

ನಾನು ತಲೆ ಆಡಿಸಿದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಡಿಸಿದ್ದು ಮಾತ್ರ ಹೂಂ ಅನ್ನುವಂತೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಮೊದಲು ಗಟ್ಟಿಯನ್ನು ನೆಕ್ಕಿದೆ. ಏನೂ ಇಲ್ಲ. ಕಲ್ಲುಪ್ಪು ಬಾಯಿಗೆ ಹಾಕಿಕೊಂಡೆ. ಕಲ್ಲು ಹಾಕಿಕೊಂಡಂತಿತ್ತು. ಎಲೆಗೆ ಹಚ್ಚುವ ಸುಣ್ಣವನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಒರೆಸಿದೆ. ದೂರದಲ್ಲಿ ಯಾರದೋ ಬಾಯಿ ಸುಟ್ಟಂತೆ ಆಯಿತು, ಅಷ್ಟೇ. ಮರುದಿನ ನಾಲಿಗೆಯ ಸಿಪ್ಪೆ ಎದ್ದು ಬಂತು. ಅಷ್ಟು ದಿನ ಬೈಸಿಕೊಂಡ ಸಾರುಗಳೆಲ್ಲ ನೆನಪಾದವು. ಆದರೂ ಸೊಸೆಗೆ ಹೇಳಲಿಲ್ಲ. ಒಂದು ವಾರ ಹೇಳಲಿಲ್ಲ. ಇಡೀ ಬದುಕಿನಲ್ಲಿ ನನ್ನದು ಅನ್ನುವುದು ಆ ಒಂದು ಹೆಸರು. ಅದನ್ನು ಕೈಯಾರೆ ಕೀಳುವುದಕ್ಕೆ ಮನಸ್ಸು ಬರಲಿಲ್ಲ.

ಸಂತೆಯ ದಿನ ಸೊಸೆ ಜ್ವರಕ್ಕೂ ಮುಂಚೆ ಕಟ್ಟಿಟ್ಟ ಗಟ್ಟಿಗಳ ಕುಕ್ಕೆ ಹೊತ್ತು ತಾಳವಾಡಿಗೆ ಹೋದಳು. ಮಧ್ಯಾಹ್ನದ ಬಸ್ಸಿಗೇ ಹಿಂತಿರುಗಿದಳು, ಕುಕ್ಕೆ ಹೋದ ಹಾಗೆಯೇ ಇತ್ತು. ಅದನ್ನು ಇಳಿಸಿ, ನಿಂತೇ ಕೇಳಿದಳು.

"ಗಟ್ಟಿ ನಾ ಮಾಡ್ದೆ ಅಂತ ನೀವೇ ಯೋಳುದ್ರಂತೆ?"

"ನಾ ಎಲ್ಲಮ್ಮಿ ಯೋಳ್ದೆ? ಅವನೇ ಅಂದ."

"ನೀವು ಅಲ್ಲ ಅಂದ್ರಾ?"

ನಾನು ಕುಕ್ಕೆಯಲ್ಲಿದ್ದ ಗಟ್ಟಿಗಳನ್ನು ಎಣಿಸತೊಡಗಿದೆ.

"ಮೂರ್ ಅಂಗ್ಡಿ ಸುತ್ತಿದೆ. 'ನಿನ್ ಕೈದು ಬ್ಯಾಡಮ್ಮ, ನಿಮ್ಮತ್ತೆ ಮಾಡಿದ್ದಿದ್ರೆ ಕೊಡು' ಅಂತವ್ರೆ." ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಬೈದು ಮುಗಿಸುತ್ತಿದ್ದೆ. "ನೀವು ಇನ್ನೆಷ್ಟ್ ದಿನ ಇದ್ದೀರಿ ಅತ್ತೆವ್ವ? ಐದ್ ವರ್ಸ, ಅತ್ ವರ್ಸ? ಆಮೇಲೆ ನಾನೂ ಮಗಳೂ ಇದ್ರಿಂದ್ಲೇ ತಿನ್ಬೇಕು. ನಿಮ್ ಎಸ್ರು ನಿಮ್ ಜೊತೆ ಗುಂಡಿಗೋಯ್ತದೆ. ನನ್ ಎಸ್ರು ಉಟ್ಟಕ್ ಮುಂಚೇನೆ ಊತ್ಬುಟ್ರಲ್ಲ."

ಮರುದಿನ ಬೆಳಿಗ್ಗೆ ಅಂಗಡಿಯವನಿಂದ ಊರು ಕೇಳಿಕೊಂಡು ಮಗುವಿನ ಮನೆಗೆ ಹೋದೆ. ಗುಮಟಾಪುರದ ಕಡೆಯ ಊರು. ಮಗುವಿನ ಅಜ್ಜಿ ಜಗಲಿಯ ಮೇಲೆ ಕೂತು ಮಗುವನ್ನು ಕಾಲ ಮೇಲೆ ಹಾಕಿಕೊಂಡಿದ್ದಳು. ನನ್ನದೇ ವಯಸ್ಸು. ಯಾರು ಎಂದು ಹೇಳಿದೆ. ಅವಳು ಮಗುವಿನ ತಲೆಯ ಬಟ್ಟೆ ಸರಿಸಿದಳು. ಮೂರು ಬೆರಳಿನ ಮೂರು ಗೆರೆ. ತೊಗಲು ಎದ್ದು ಹೋಗಿ ಕೆಂಪಗೆ, ಅಂಚಿನಲ್ಲಿ ಹಕ್ಕಳೆ ಕಟ್ಟಿತ್ತು. ಹಚ್ಚಿದ ಕೈ ಎಷ್ಟು ನೆಟ್ಟಗೆ ಹಚ್ಚಿತ್ತೆಂದರೆ ಮೂರೂ ಒಂದೇ ಅಳತೆ.

"ನಿನ್ ಸೊಸೆನ ಯಾಕ್ ಕರ್ಕಬರ್ನಿಲ್ಲ?" ಅಂದಳು. "ಅವಳ್ಗೆ ತೋರಿಸ್ಬೇಕಾಗಿತ್ತು ಇದ್ನ."

"ಅವಳ್ದಲ್ಲ ಕಣವ್ವ. ನಂದು. ಅವಳು ಉರೀತದೆ ಅಂದ್ಲು, ನಾನೇ ಬಾಯ್ ಮುಚ್ಚಿಸ್ದೆ. ನನ್ ನಾಲ್ಗೆ ಓಗ್ಬುಟ್ಟದೆ."

ಅವಳು ಬಟ್ಟೆಯನ್ನು ಮತ್ತೆ ಮಗುವಿನ ತಲೆಗೆ ಹೊದಿಸಿದಳು. "ನನ್ ಗಂಡನ್ನ ಕೂರಿಸ್ದಾಗ ನಿಮ್ಮನೆ ಈಬತ್ತಿನೇ ಬಳ್ದಿದ್ದು. ನೀನೇ ತಂದ್ಕೊಟ್ಟಿದ್ದೆ." ಅದು ನನಗೆ ನೆನಪಿರಲಿಲ್ಲ. "ಎಣ್ಮಗ ಇದು. ಗೆರೆ ಉಳೀತವೆ ಅಂದವ್ರೆ ಡಾಕ್ಟ್ರು. ನಾಳೆ ಯಾರಾನ ನೋಡಕ್ ಬಂದ್ರೆ ಏನಂತ ಯೋಳ್ಲಿ ಇವ್ಳು?"

"ಗೊತ್ತಿಲ್ಲ" ಅಂದೆ.

"ಓಗು ಮತ್ತೆ."

ನೀರು ಬೇಕಾ ಎಂದು ಕೇಳಲಿಲ್ಲ. ನಾನೂ ಕಾಲಿಗೆ ಬೀಳಲಿಲ್ಲ. ಬಿದ್ದರೆ ಅವಳು ಏಳಿಸಬೇಕಾಗುತ್ತದೆ, ಅಷ್ಟು ಕೆಲಸವನ್ನು ಅವಳಿಗೆ ಕೊಡುವುದು ಬೇಡ ಅನ್ನಿಸಿತು.

ಅಲ್ಲಿಂದ ನೇರ ತಾಳವಾಡಿಗೆ ಬಂದೆ. ಅಂಗಡಿಯಲ್ಲಿ ಕರ್ಪೂರ ಕೊಳ್ಳಲು ನಾಲ್ಕೈದು ಜನ ನಿಂತಿದ್ದರು. ಅವರ ಮುಂದೆಯೇ ಹೇಳಿದೆ. "ಆ ಗಟ್ಟಿ ನಂದು ಕಣಪ್ಪ. ಸೊಸೆ ಬ್ಯಾಡ ಅಂದಿದ್ಲು." ಅಂಗಡಿಯವನು "ಬುಡಿ ಪಾಟೀ, ವಯಸಾಯ್ತು" ಅಂದ. ವಯಸ್ಸಾಯಿತು ಅನ್ನುವ ಮಾತಿಗಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

ಆ ಸಲದ ಉಳಿದ ಗಟ್ಟಿಗಳನ್ನೆಲ್ಲ ತಿಪ್ಪೆಗೆ ಹಾಕೋಣ ಅಂದೆ. ಸೊಸೆ ಒಪ್ಪಲಿಲ್ಲ. "ಬೂದಿ ಏನ್ ತಪ್ಪ್ ಮಾಡ್ತು?" ಎಂದು ಅಷ್ಟನ್ನೂ ಕುಟ್ಟಿ ಮತ್ತೆ ಬಾನೆಗೆ ಹಾಕಿದಳು. ನಾಲ್ಕು ನೀರು ಚೆಲ್ಲಿದಳು. ಪ್ರತಿ ಸಲ ತಾನೇ ನಾಲಿಗೆಗೆ ಇಟ್ಟು ನೋಡಿದಳು. ಆಮೇಲೆ ಮೊಳಕೈಯ ಒಳಗಿನ ಮೆತ್ತನೆ ಜಾಗಕ್ಕೆ ಹಸಿ ಬೂದಿ ಬಳಿದು, ಹೊತ್ತು ಮುಳುಗುವ ತನಕ ಹಾಗೇ ಇಟ್ಟುಕೊಂಡು ಕೆಲಸ ಮಾಡಿದಳು. ಇದನ್ನು ನಾನು ಕಲಿಸಿರಲಿಲ್ಲ, ನನ್ನ ಅತ್ತೆಯೂ ಮಾಡುತ್ತಿರಲಿಲ್ಲ. ಯಾಕೆ ಎಂದು ಕೇಳಿದೆ. "ನಾಳೆ ನನ್ ನಾಲ್ಗೇನೂ ಓದ್ರೆ?" ಅಂದಳು.

ಮನೆಯ ಹೆಸರೇ ಕೆಟ್ಟಿತ್ತು, ಒಂದು ವರ್ಷ ಯಾರೂ ಕೊಳ್ಳಲಿಲ್ಲ. ಗಟ್ಟಿಗಳು ಅಟ್ಟದಲ್ಲಿ ಬಟ್ಟೆಯಡಿ ಬಿದ್ದಿದ್ದವು. ಅವಳು ಅರಿಸಿನ ಬೇಯಿಸುವ ಕಡೆ ಕೂಲಿಗೆ ಹೋದಳು. ಬೆಳಿಗ್ಗೆ ಎದ್ದು ನೀರು ಚೆಲ್ಲುವುದನ್ನು ಮಾತ್ರ ಬಿಡಲಿಲ್ಲ. ಕೊಳ್ಳುವವರಿಲ್ಲದೆ ಯಾಕೆ ಮಾಡುತ್ತೀಯ ಎಂದು ಒಂದೆರಡು ಸಲ ಕೇಳಿದೆ. ಅವಳು ಬಾನೆ ಕಲಕುತ್ತಲೇ ಇದ್ದಳು. ಈಗ ಸಗಣಿ ತರುವುದು, ಉಂಡೆ ಕಟ್ಟುವುದು ನನ್ನ ಕೆಲಸ. ಬಾನೆಯ ಹತ್ತಿರ ನನ್ನನ್ನು ಬಿಡುವುದಿಲ್ಲ. ಸಾರಿಗೆ ಉಪ್ಪು ಇದೆಯೋ ಇಲ್ಲವೋ ಎಂದು ನಾನೂ ಕೇಳುವುದಿಲ್ಲ.

ಹೋದ ತಿಂಗಳು ಪಕ್ಕದ ಊರಿನಲ್ಲಿ ಸಾವಾಯಿತು. ಒಬ್ಬ ಗಂಡಸು ಬೈಕಿನಲ್ಲಿ ಬಂದು ಅಂಗಳದಲ್ಲೇ ನಿಂತ. ಈಬತ್ತಿ ಬೇಕು ಅಂದ. ಸೊಸೆ ಅಟ್ಟ ಹತ್ತಿ ಗಟ್ಟಿಗಳನ್ನು ತಂದಳು. ಅವನು ತೆಗೆದುಕೊಳ್ಳುವ ಮುಂಚೆ ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾರ್ ಮಾಡಿದ್ದು?" ಎಂದು ಕೇಳಿದ. ಸೊಸೆ "ನಂದು" ಅಂದಳು. ಮೊದಲೆಲ್ಲ ಯಾರಾದರೂ ಕೇಳಿದರೆ "ನಮ್ಮತ್ತೇದು" ಅನ್ನುತ್ತಿದ್ದಳು. ನಾನು ಬಾಗಿಲ ಹಿಂದೆಯೇ ಇದ್ದೆ, ಹೊರಗೆ ಬರಲಿಲ್ಲ. ಅವನು ಗಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದ.