ಬೀಗರ ಡಬ್ಬಿಗೆ ಕಾಕೂನ ಪಲ್ಯ

ಕಾಕೂನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಇತ್ತು. ರೊಟ್ಟಿ ಬಡಿದು ಬಡಿದು ಹಲಗೆಯಂತಾಗಿದ್ದ ಕೈ ಅದು. ಹಂಚಿನ ಸುಟ್ಟ ಕಲೆ, ಚಾಕುವಿನ ಗೀರು ಎಲ್ಲ ಅದರಲ್ಲಿ ಎಂದೋ ಕರಗಿಹೋಗಿದ್ದವು. ಈ ಗೆರೆ ಮಾತ್ರ ಕರಗಲಿಲ್ಲ. ಮಾಂಸದ ಡಬ್ಬಿಯ ತಗಡು ಕೊಯ್ದ ಗಾಯ. ಜೀವಮಾನದಲ್ಲಿ ಮೊಟ್ಟೆಯನ್ನೂ ಮುಟ್ಟದ ಹೆಂಗಸಿನ ಕೈಗೆ ಅದು ಹೇಗೆ ಬಂತು ಎಂಬುದು, ಪಟ್ಟಿ ಕಟ್ಟಿದ ನನಗೆ ಗೊತ್ತು.

ನಾನು ಮೈಸೂರು ಕಡೆಯವಳು. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಬಂದು, ಅವರ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಹಿಡಿದಾಗ ಆಂಟಿ ಎಂದು ಕರೆದೆ. "ಆಂಟಿ ಗೀಂಟಿ ಬ್ಯಾಡ ತಂಗಿ. ಊರೆಲ್ಲಾ ಕಾಕೂ ಅಂತೈತಿ, ನೀನೂ ಅನ್ನು" ಅಂದರು. ಧಾರವಾಡದವರು. ಡಾಕ್ಟರಾಗಿದ್ದ ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು, ಲೀಡ್ಸಿನಲ್ಲಿ ವಕೀಲಿಕೆ ಮಾಡುತ್ತಿದ್ದಳು, ಇಲ್ಲಿಯವನನ್ನೇ ಮದುವೆಯಾಗಿದ್ದಳು. ಅವ್ವ ಕನ್ನಡದಲ್ಲಿ ಕೇಳುವುದು, ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವುದು ಆ ಮನೆಯ ಪದ್ಧತಿ.

ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸತ್ತ ಗಂಡನ ಉಣ್ಣೆಯ ಕಾಲುಚೀಲ. ನನ್ನ ಪಾಳಿಗಳ ರೋಟಾ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ಪಾಳಿ ಮುಗಿಸಿ ಸೋತು ಸುಣ್ಣವಾಗಿ ಬೆಳಿಗ್ಗೆ ಬಂದರೆ ಒಲೆಯ ಪಕ್ಕ ಮುಚ್ಚಿಟ್ಟ ತಟ್ಟೆ ಇರುತ್ತಿತ್ತು. ಹಸಿವಿಲ್ಲ ಅಂದರೆ, "ಹಸಿವಿ ಯಾರ್ ಕೇಳಿದ್ರು? ಉಂಡ್ಯಾ ಅಂತ ಕೇಳೇನಿ" ಅನ್ನುತ್ತಿದ್ದರು. ಆ ವರ್ಷಗಳಲ್ಲಿ ನಾನು ಬದುಕಿದ್ದೇ ಆ ತಟ್ಟೆಯ ಮೇಲೆ.

ಅಳಿಯನ ಅಪ್ಪ, ಅಂದರೆ ಬೀಗರು, ಬಸ್ ಓಡಿಸಿ ನಿವೃತ್ತರಾದವರು. ಅವರ ಹೆಂಡತಿ ತೀರಿಹೋದ ಮೇಲೆ ಕಾಕೂ ಅವರನ್ನು ವಾರಕ್ಕೊಂದು ದಿನ ಊಟಕ್ಕೆ ಕರೆದರು. ಕಾಕೂಗೆ ಸೋಮವಾರ ಉಪವಾಸ, ಅದೊಂದು ಬಿಟ್ಟು ಯಾವ ದಿನವಾದರೂ ಸರಿ. ಬೀಗರು ಗುರುವಾರ ಅಂದರು. ರೊಟ್ಟಿ, ಎಣ್ಣೆಗಾಯಿ, ಜುಣಕ ಎಲ್ಲವನ್ನೂ ಹೊಗಳಿದರು, ಯಾವುದನ್ನೂ ತಿನ್ನಲಿಲ್ಲ. ಪ್ರತಿ ವಾರ ತಟ್ಟೆ ತುಂಬಿದ ಹಾಗೇ ಒಳಗೆ ಬರುತ್ತಿತ್ತು. ಬೀಗರು ಅರೆಹೊಟ್ಟೆಯಲ್ಲಿ ಎದ್ದರೆ ಮನೆತನದ ಮಾನ ಹೋದಂತೆ ಎಂದು ನಂಬಿದ್ದ ಕಾಕೂ ಒಳಗೇ ಕುದಿಯುತ್ತಿದ್ದರು.

ಕೊನೆಗೊಂದು ಗುರುವಾರ ಬೀಗರು ಕೋಟಿನ ಜೇಬಿನಿಂದ ಹಳೆಯ ಪೇಪರಿನಲ್ಲಿ ಸುತ್ತಿದ ಡಬ್ಬಿಯೊಂದನ್ನು ತೆಗೆದರು. ಕಾರ್ನ್ಡ್ ಬೀಫ್. ಉಪ್ಪು ಹಾಕಿ ಡಬ್ಬಿಯಲ್ಲಿ ತುಂಬಿದ ದನದ ಮಾಂಸ. "ತಪ್ಪು ತಿಳಿಯಬೇಡಿ ಲವ್. ಗುರುವಾರ ನಮ್ಮ ಮನೆಯಾಕೆ ಇದನ್ನೇ ಬಡಿಸುತ್ತಿದ್ದಳು. ಬೇರೇನೂ ಗಂಟಲಲ್ಲಿ ಇಳಿಯುತ್ತಿಲ್ಲ" ಎಂದು, ಇಲ್ಲಿಯವರು ಎಲ್ಲರನ್ನೂ ಕರೆಯುವಂತೆ ಲವ್ ಎಂದೇ ಕರೆದು, ಇಂಗ್ಲಿಷಿನಲ್ಲಿ ಹೇಳಿದರು. ಆ ವಯಸ್ಸಿನ ಗಂಡಸಿನ ಕಣ್ಣು ತುಂಬಿದ್ದು ನೋಡಿ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಕಾಕೂ ಕೊರಳಿನ ಲಿಂಗದ ಮೇಲೆ ಕೈಯಿಟ್ಟುಕೊಂಡರು. ನನ್ನನ್ನು ಅಡುಗೆಮನೆಗೆ ಕರೆದರು. "ಹಿಂದ ಗಾಜಿನ ಕೋಲ್ಯಾಗ ಕೂಡಸು ಅವರನ್ನ. ಮತ್ತ ನಿನ್ನ ಫೋನಿನ್ಯಾಗ ನೋಡು, ಅದರ ಜೋಡಿ ಏನ್ ಬಡಸ್ತಾರ?"

ಮನೆಯ ಹಿಂದೆ ತೋಟಕ್ಕೆ ಅಂಟಿದ ಗಾಜಿನ ಕೋಣೆಯಲ್ಲಿ ಅವರನ್ನು ಕೂಡಿಸಿ ಬಂದು, ಫೋನಿನಲ್ಲಿ ನೋಡಿ ಓದಿದೆ. ಕ್ಯಾಬೇಜು, ಆಲೂಗಡ್ಡೆ, ಕ್ಯಾರೆಟ್, ಹುಳಿ ಹಾಕಿದ ಬೀಟ್ರೂಟು, ಸಾಸಿವೆ.

ಕಾಕೂ ಸೊಂಟದ ಮೇಲೆ ಕೈಯಿಟ್ಟರು. "ಅಯ್ಯ, ಅದೊಂದ್ ಬಿಟ್ಟು ಎಲ್ಲಾ ನಮ್ಮವ ಅದಾವಲ್ಲ!"

ಅಂದಿನಿಂದ ಗುರುವಾರದ ಅಡುಗೆ ನಿಗದಿಯಾಯಿತು. ಸಾಸಿವೆ ಒಗ್ಗರಣೆಯ ಕ್ಯಾಬೇಜ್ ಪಲ್ಯ, ಖಾರವಿಲ್ಲದ ಆಲೂಗಡ್ಡೆ ಪಲ್ಯ, ನಿಂಬೆಹಣ್ಣು ಹಿಂಡಿದ ಬೀಟ್ರೂಟಿನ ಪಚಡಿ. ಒಮ್ಮೆ ಮರೆತು ಇಟ್ಟ ಗುರೆಳ್ಳು ಚಟ್ನಿಯನ್ನು ಬೀಗರು ಮಾಂಸಕ್ಕೆ ಹಚ್ಚಿಕೊಂಡು ತಿಂದು, ಇನ್ನಷ್ಟು ಕೇಳಿದರು. ಅವರಿಗೆಂದೇ ಬೇರೆ ತಟ್ಟೆ, ಬೇರೆ ಚಾಕು. ತೋಟದ ನಲ್ಲಿಯಲ್ಲಿ ಅವರೇ ತೊಳೆದು ಶೆಡ್ಡಿನಲ್ಲಿಡಬೇಕು. ಜನವರಿಯ ಚಳಿಯಲ್ಲೂ ಬೀಗರು ಗೊಣಗದೆ ತೊಳೆಯುತ್ತಿದ್ದರು. ಕಾಕೂ ಕಿಟಕಿಯಿಂದ ನೋಡುತ್ತ, ತೀರಿಕೊಂಡ ಗಂಡನನ್ನು ನೆನೆದು, "ಇಷ್ಟ್ ಚಂದ ನಿಮ್ಮ ಕಾಕಾನೂ ಎಂದೂ ತೊಳೀಲಿಲ್ಲ" ಅನ್ನುತ್ತಿದ್ದರು.

ಆಮೇಲೆ ಮಗಳ ಸಂಸಾರ ಮುರಿಯಿತು. ಅಳಿಯ ಬೇರೆಯವಳ ಜೊತೆ ಹೋದ, ವಿಚ್ಛೇದನವೂ ಆಯಿತು. ಒಂದು ಭಾನುವಾರ ಮಗಳು ಬಂದವಳು ಶೆಡ್ಡಿನಲ್ಲಿ ಆ ತಟ್ಟೆ ಕಂಡು ಕೆಂಡವಾದಳು. ಅವನ ಅಪ್ಪ ಇನ್ನೂ ಇಲ್ಲಿ ಉಣ್ಣುತ್ತಾನೆಯೇ, ಆ ಮನೆಯವರು ಇನ್ನು ನಮಗೆ ಯಾರು, ನಿನಗೆ ನಾನು ಮುಖ್ಯವೋ ಅವನು ಮುಖ್ಯವೋ ಎಂದು ಇಂಗ್ಲಿಷಿನಲ್ಲಿ ಕೂಗಾಡಿದಳು.

"ಮದುವಿ ನಿಂದು, ಬಿಟ್ಟಿ. ಬೀಗತನ ನಂದು. ನಾ ಏನ್ ಕೋರ್ಟಿಗೆ ಹೋಗಿಲ್ಲ" ಅಂದರು ಕಾಕೂ.

ಮಗಳು ಬರುವುದು ನಿಲ್ಲಿಸಿದಳು. ಫೋನ್ ಮಾಡಿದರೆ ಎರಡು ಮಾತು, ಅಷ್ಟೇ. ನನಗೆ ಕಾಕೂ ಮೇಲೆ ಸಿಟ್ಟು ಬಂತು. ಬೀಗರು ಹೋದರೆ ಹೋಗಲಿ, ಮಗಳನ್ನು ಯಾಕೆ ಕಳೆದುಕೊಳ್ಳುತ್ತೀರಿ ಎಂದು ಕೇಳಿಯೂ ಬಿಟ್ಟೆ. ಅವರು ಕ್ಯಾಬೇಜ್ ಹೆಚ್ಚುತ್ತಿದ್ದರು, ತಲೆ ಎತ್ತಲಿಲ್ಲ.

"ನನಗೂ ಸಾಕಾಗೈತಿ ತಂಗಿ. ಗುರುವಾರ ಗಂಟಿ ಬಾರಿಸಿದ್ರ, ಇವತ್ತೊಂದ್ ದಿನ ಬರಬಾರದಿತ್ತು ಅನಸ್ತೈತಿ. ಬರೂದು ತಡ ಆದ್ರ ಕಿಡಕಿ ಮುಂದ ಹೋಗಿ ನಿಂದರ್ತೀನಿ. ಏನ್ ಮಾಡ್ಲಿ ಹೇಳು?"

ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮಗಳ ಫೋನಿಗೆ ಕಾದು ಕಾದು ದಣಿದಿದ್ದರು.

ಆ ಚಳಿಗಾಲದಲ್ಲಿ ಬೀಗರಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಬಲಗೈ ಪೂರ್ತಿ ಹಿಡಿತಕ್ಕೆ ಬರಲೇ ಇಲ್ಲ. ಆದರೂ ಒಂದು ಗುರುವಾರ ಬಸ್ ಹಿಡಿದು ಬಂದೇ ಬಿಟ್ಟರು. ಕಾರ್ನ್ಡ್ ಬೀಫಿನ ಡಬ್ಬಿಗೆ ಒಂದು ಪುಟ್ಟ ಚಾವಿ ಅಂಟಿಸಿರುತ್ತಾರೆ. ಅದನ್ನು ತಗಡಿನ ಅಂಚಿಗೆ ಸಿಕ್ಕಿಸಿ ಸುತ್ತಬೇಕು. ಬೀಗರು ಸುತ್ತಲು ಹೋದರು, ಚಾವಿ ಜಾರಿತು, ಮತ್ತೆ ಹೋದರು, ಮತ್ತೆ ಜಾರಿತು. ಪಲ್ಯ ಆರುತ್ತಿತ್ತು. ನಾನು ಮಹಡಿಯಲ್ಲಿ ಮಲಗಿದ್ದೆ. ನನ್ನನ್ನು ಕೂಗಿದ್ದರೆ ಬಂದು ತೆಗೆದುಕೊಡುತ್ತಿದ್ದೆ. ದುಡಿದು ಮಲಗಿದ ಹುಡುಗಿಯನ್ನು ಎಬ್ಬಿಸಬಾರದು ಎಂದು ಕಾಕೂ ಅಂದುಕೊಂಡರಂತೆ, ಇದೆಲ್ಲ ಆಮೇಲೆ ಅವರಿಬ್ಬರಿಂದ ಕೇಳಿದ್ದು. ಬೀಗರು ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಹಸಿವಿಲ್ಲ ಎಂದು ಎದ್ದರು.

ಕಾಕೂ ಗಾಜಿನ ಕೋಣೆಗೆ ಹೋಗಿ ಕೈ ನೀಡಿದರು. "ಗಿವ್. ಸಿಟ್. ಈಟ್ ಅಂಡ್ ಗೋ" ಅಂದರು. ಡಬ್ಬಿಯನ್ನು ಸೀರೆಯ ಸೆರಗಿನಲ್ಲಿ ಹಿಡಿದು ಚಾವಿ ಸುತ್ತಿದರು. ಅರ್ಧಕ್ಕೆ ತಗಡು ಮುರಿದು ಹೆಬ್ಬೆರಳ ಬುಡವನ್ನು ಕೊಯ್ದಿತು. ರಕ್ತ ಸುರಿಯುತ್ತಿದ್ದರೂ ಪೂರ್ತಿ ತೆರೆದು, ತಟ್ಟೆಗೆ ಬೋರಲು ಹಾಕಿಕೊಟ್ಟು ಒಳಗೆ ಬಂದರು.

ಬೀಗರ ಕೂಗಿಗೆ ಎದ್ದು ಕೆಳಗೆ ಬಂದೆ. ಪಟ್ಟಿ ಕಟ್ಟುವಾಗ ತಡೆಯಲಾರದೆ, "ನಿಮಗೆ ಇದೆಲ್ಲ ಬೇಕಿತ್ತಾ ಕಾಕೂ?" ಅಂದೆ.

"ಕೈ ತೊಳಕೊಂಡ್ರ ಹೋಗ್ತೈತಿ. ಮಂದಿ ಹಸಿದು ಎದ್ದು ಹೋಗಿದ್ದು ಯಾ ನೀರಿಗೂ ಹೋಗೂದಿಲ್ಲ" ಅಂದರು. ಆಮೇಲೆ ತಲೆಸ್ನಾನ ಮಾಡಿ, ಸೀರೆ ಬದಲಿಸಿ, ಲಿಂಗಪೂಜೆ ಮಾಡಿ, ನನ್ನ ತಟ್ಟೆ ಬಡಿಸಿದರು. ಮುಂದೆ ಡಬ್ಬಿ ತೆರೆಯುವ ಕೆಲಸ ನನಗೆ ಬಂತು. ಮೂಗು ಮುರಿಯುತ್ತಲೇ ಮಾಡಿದೆ.

ಮರುವರ್ಷ ಕಾಕೂಗೆ ಹೃದಯದ ತೊಂದರೆ ಬಂತು. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಲಗಿದರು. ಮಗಳು ಬಂದು ಕೈ ಹಿಡಿದು ಕೂತಳು. ಬೀಗರ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಗಳು ಚಹಾ ತರಲು ಹೋದಾಗ ಕಾಕೂ ನನ್ನತ್ತ ತಿರುಗಿ, "ಗುರುವಾರ ಬಾಗಲಾ ತಗೀತಿ, ಹೌದಲ್ಲೋ?" ಅಂದರು. ಹೂಂ ಅಂದೆ. ಮತ್ತೆ ಅವರು ಮನೆಗೆ ಬರಲಿಲ್ಲ.

ಮಣ್ಣು ಮಾಡುವಾಗ ಬೀಗರು ದೂರದಲ್ಲಿ ನಿಂತಿದ್ದು, ಯಾರನ್ನೂ ಮಾತಾಡಿಸದೆ ಹೊರಟುಹೋದರು. ಅದೇ ವಾರ, ಗುರುವಾರ ಮಧ್ಯಾಹ್ನ, ನಾನೂ ಮಗಳೂ ಅಡುಗೆಮನೆಯ ಡಬ್ಬಗಳನ್ನು ಖಾಲಿ ಮಾಡುತ್ತಿದ್ದಾಗ ಗಂಟೆ ಬಾರಿಸಿತು. ಯಾರೆಂದು ನನಗೆ ಗೊತ್ತಿತ್ತು. ನನ್ನ ಕೈಗೆ ಹಿಟ್ಟು ಮೆತ್ತಿತ್ತು. ಒರೆಸಿಕೊಳ್ಳುವಷ್ಟರಲ್ಲಿ ಮಗಳೇ ಹೋಗಿ ಬಾಗಿಲು ತೆರೆದಳು.

ಬೀಗರು ಅವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. ಕ್ಷಮಿಸು, ಕಾಲು ತಾನಾಗಿ ಇತ್ತ ಬಂತು, ಹೋಗುತ್ತೇನೆ ಅಂದರು. ಅವಳು ಅವರ ಹಿಡಿತ ತಪ್ಪಿದ ಕೈಯನ್ನು, ಅದರಲ್ಲಿದ್ದ ಪೇಪರಿನ ಪೊಟ್ಟಣವನ್ನು ನೋಡುತ್ತ ನಿಂತಳು. ಕಾಕೂಗೆ ಕೊಟ್ಟ ಮಾತು ಬಾಗಿಲಲ್ಲೇ ಮುರಿಯುತ್ತದೆ ಅಂದುಕೊಂಡೆ.

ಅವಳು ಕೈ ನೀಡಿ ಪೊಟ್ಟಣ ತೆಗೆದುಕೊಂಡಳು. ಅವರಿಗೆ ದಾರಿ ಬಿಟ್ಟು, ನನ್ನ ಕಡೆ ತಿರುಗಿದಳು. ಅಷ್ಟು ವರ್ಷಗಳಲ್ಲಿ ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು.

"ಅದರ ಜೋಡಿ ಏನ್ ಮಾಡ್ಲಿ?"

ಫ್ರಿಜ್ಜಿನಲ್ಲಿ ಅರ್ಧ ಕ್ಯಾಬೇಜು ಇತ್ತು. ತೆಗೆದು ಅವಳ ಮುಂದಿಟ್ಟೆ.