ಚೂಡಾಮಣಿ ಟೀಚರ್ ಕುರ್ಚಿ ಬದಲಿಸಿದರು

ಚಾಮರಾಜಪೇಟೆಯಲ್ಲಿ ನಮ್ಮದು ಲಗ್ನಪತ್ರಿಕೆ ಅಂಗಡಿ. ಚೂಡಾಮಣಿ ಟೀಚರ್ ಮೊದಲ ಸಲ ಅಲ್ಲಿಗೆ ಬಂದದ್ದು ತಮ್ಮನ ಮಗಳ ಆರತಕ್ಷತೆಯ ಪತ್ರಿಕೆ ಮಾಡಿಸಲು. ಜೊತೆಗೆ ಇಬ್ಬರು ಬೀಗರು. ಯಾರ ಮನೆಯ ಹಿರಿಯರ ಹೆಸರು ಮೇಲಿರಬೇಕು ಎಂದು ಅವರಿಬ್ಬರಿಗೂ ಜಗಳ. ಎರಡು ಬೇರೆ ಬೇರೆ ಪತ್ರಿಕೆ ಮಾಡಿಸಿಬಿಡಿ ಎಂದೆ ನಾನು. ವ್ಯಾಪಾರ ದುಪ್ಪಟ್ಟಾಗುವಂಥ ಸಲಹೆಗಳು ನನಗೆ ಬೇಗ ಹೊಳೆಯುತ್ತವೆ.

ಟೀಚರ್ ಕನ್ನಡಕದ ಮೇಲಿಂದ ನೋಡಿದರು. "ನೀವು ಸ್ವಲ್ಪ ಸುಮ್ನಿರಿ." ಆಮೇಲೆ ಬೀಗರ ಕಡೆ ತಿರುಗಿ, "ಇಬ್ರೂ ಎದ್ದೇಳಿ. ಅವರ ಕುರ್ಚಿಲಿ ನೀವು ಕೂತ್ಕೊಳ್ಳಿ, ನಿಮ್ಮ ಕುರ್ಚಿಲಿ ಅವರು. ಈಗ ಎದುರಿನವರ ಪರವಾಗಿ ಮಾತಾಡಿ."

ಸ್ವಲ್ಪ ಹೊತ್ತಿಗೆ ಇಬ್ಬರೂ ಎದುರಿನವರ ಹೆಸರೇ ಮೇಲಿರಲಿ ಎನ್ನತೊಡಗಿ, ಅದಕ್ಕೂ ಜಗಳ ಶುರು ಮಾಡಿದರು. ನಾನು ಮಾತ್ರ ಒಂದೇ ಪತ್ರಿಕೆ ಅಚ್ಚು ಹಾಕಬೇಕಾಯಿತು.

ಬಸವನಗುಡಿಯ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು ಅವರು. ಮಕ್ಕಳ ಜಗಳವನ್ನೂ ಹೀಗೇ ಬಿಡಿಸುತ್ತಿದ್ದರಂತೆ. ಮುಂದೆ ಮದುವೆ ಕರೆಯೋಲೆಗಳೆಲ್ಲ ಫೋನಿಗೆ ಹೋಗಿ ನಾನು ನೊಣ ಹೊಡೆಯುತ್ತ ಕೂತಿದ್ದಾಗ, ಪಕ್ಕದ ಬೀದಿಯ ಅಭಿರಾಮ 'ಕೋಟೆ' ಎಂಬ ಕಾರ್ಡಿನ ಆಟ ಕಟ್ಟಿಕೊಂಡು ಬಂದ. ಮುಚ್ಚಿದ ಪೊಟ್ಟಣದಲ್ಲಿ ಕಾರ್ಡುಗಳು; ಯಾವುದು ಸಿಗುತ್ತದೋ ಅದೃಷ್ಟ. ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಡುವ ಗಿರಾಕಿಗಳನ್ನು ಮದುವೆಯ ವ್ಯವಹಾರದ ಆಚೆ ನಾನು ನೋಡಿದ್ದು ಅದೇ ಮೊದಲು. ತಕ್ಷಣ ಅಚ್ಚಿಗೆ ಒಪ್ಪಿಕೊಂಡೆ.

ಪ್ರತಿ ಭಾನುವಾರ ಅಂಗಡಿಯಲ್ಲೇ ಆಟ ಶುರುವಾಯಿತು, ಆಟದ ಹಿಂದೆಯೇ ತಕರಾರು. ಕಾರ್ಡಿನ ಒಂದೊಂದು ಸಾಲಿಗೂ ಎರಡೆರಡು ಅರ್ಥ ಬರುತ್ತಿದ್ದವು. ಕಾರಣ ನಾನೇ. ಅಭಿರಾಮ ಉದ್ದುದ್ದ ಬರೆದುಕೊಟ್ಟಿದ್ದನ್ನು, ಚಿತ್ರ ದೊಡ್ಡದಾಗಿ ಕಾಣಲಿ ಎಂದು ಕತ್ತರಿಸಿದವನು ನಾನು. ಕೊನೆಗೆ ತೀರ್ಪು ಹೇಳಲು ಟೀಚರನ್ನು ಕರೆದುಕೊಂಡು ಬಂದೆವು. ಅವರು ಬಸ್ಸಿನಲ್ಲಿ ಬರುತ್ತಾರೆ, ಸ್ಟೀಲ್ ಬಾಟಲಿಯಲ್ಲಿ ನೀರು ತರುತ್ತಾರೆ, ನನ್ನ ಕಾಫಿ ಮುಟ್ಟುವುದಿಲ್ಲ. "ತೀರ್ಪು ಹೇಳೋರು ಅಂಗಡಿಯವರ ಕಾಫಿ ಕುಡೀಬಾರ್ದು" ಎಂದು ಎದುರಿನ ಹೋಟೆಲಿಗೆ ಹೋಗಿ ಸ್ವಂತ ಖರ್ಚಿನಲ್ಲಿ ಕುಡಿದು ಬರುತ್ತಾರೆ.

ಈ ಸಲದ ಪಂದ್ಯಕ್ಕೆ ಜನ ಸೇರಲಿ ಎಂದು, ನಮ್ಮಪ್ಪನ ಕಾಲದ ಲಗ್ನಪತ್ರಿಕೆಯ ಜೋಡಿ ಆನೆಯ ಅಚ್ಚಿನ ಬ್ಲಾಕಿನಿಂದ ಚಿನ್ನದಂಚಿನ ಕಾರ್ಡೊಂದನ್ನು ಬಹುಮಾನವಾಗಿ ಕೊಡುವುದಾಗಿ ಪೋಸ್ಟರ್ ಅಂಟಿಸಿದೆ. ಒಂದು ಕಾರ್ಡು ಅಚ್ಚಾಯಿತು. ಮರುಕ್ಷಣ ಬ್ಲಾಕು ಎರಡು ಹೋಳು! ಅಪ್ಪ ತಮ್ಮ ಮದುವೆಗೂ ಒತ್ತಿದ್ದ ಆನೆಗಳು. ಅವುಗಳ ಕೊನೆಯ ಗುರುತು ಆ ಕಾರ್ಡು. ಬಹುಮಾನ ವಾಪಸ್ಸು ಎನ್ನಲು ಬಾಯಿ ಬರಲಿಲ್ಲ. ಹಾಗಾಗಿ ನಾನೇ ಪಂದ್ಯಕ್ಕೆ ಇಳಿದೆ.

"ಆಡಿ ಬೇಕಾದ್ರೆ" ಎಂದರು ಟೀಚರ್, "ತೀರ್ಪು ಮಾತ್ರ ನಂದು."

ಹೇಗೋ ಫೈನಲ್‌ವರೆಗೂ ಬಂದೆ. ಎದುರಿಗೆ ಶ್ರೀರಾಂಪುರದ ಮಾನಸ, ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಅವಳು 'ನಗಾರಿ' ಕಾರ್ಡು ಇಟ್ಟಳು. 'ನಗಾರಿ ಮೊಳಗಿದರೆ ಈ ಸುತ್ತಿನಲ್ಲಿ ನಿನ್ನ ಕಾವಲುಗಾರರು ಸೋಲುವುದಿಲ್ಲ' ಎಂದು ಅದರಲ್ಲಿತ್ತು. ಆಮೇಲೆ ಅದೇ ಸುತ್ತಿನಲ್ಲಿ ಹೊಸ ಕಾವಲುಗಾರನೊಬ್ಬನನ್ನು ಇಳಿಸಿದಳು. ನಾನು ಅವನನ್ನೇ ಹೊಡೆದೆ. ಅವನು ಬಿದ್ದರೆ ಆನೆಗಳು ನನ್ನವು.

"ಅವನು ಬೀಳಲ್ಲ ಅಂಕಲ್, ನಗಾರಿ ಇದೆ" ಎಂದಳು.

"ನಗಾರಿ ಹೊಡೆದಾಗ ಇವನು ಎಲ್ಲಿದ್ದ? ಆಗ ಕೋಟೆಯೊಳಗೆ ಇದ್ದೋರಿಗೆ ಮಾತ್ರ ರಕ್ಷಣೆ. ಅಭಿರಾಮ ಬರೆದಿದ್ದೇ ಹಾಗೆ. ಆ ಸಾಲು ಕತ್ತರಿಸಿದವನೇ ನಾನು, ನನಗೆ ಗೊತ್ತಿಲ್ವಾ?"

"ಕತ್ತರಿಸಿದ್ದು ನಿಮ್ಮ ಕಸದ ಡಬ್ಬದಲ್ಲಿದೆ" ಎಂದರು ಟೀಚರ್. "ಕಾರ್ಡಲ್ಲಿರೋದು ಮಾತ್ರ ನನಗೆ ಲೆಕ್ಕ. ಇಬ್ರೂ ಎದ್ದೇಳಿ, ಕುರ್ಚಿ ಬದಲಾಯಿಸಿ."

ನನ್ನ ಕುರ್ಚಿಯಲ್ಲಿ ಕೂತ ಮಾನಸ, "ನಗಾರಿ ಕೇಳಿಸ್ಕೊಂಡೋರಿಗೆ ಮಾತ್ರ ರಕ್ಷಣೆ, ಅಷ್ಟೇ" ಎಂದು ಮುಗಿಸಿದಳು. ನಾನೂ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನ್ನ ಮುಂದೆ ಯಾವ ಮಾಲು ಇಟ್ಟರೂ ಮಾರದೆ ಎದ್ದು ಅಭ್ಯಾಸವಿಲ್ಲ.

"ನೋಡಿ ಮೇಡಂ" ಎಂದು ಶುರು ಮಾಡಿದೆ. "ಮನೆಮಂದಿಯೆಲ್ಲ ಬನ್ನಿ ಅಂತ ಪತ್ರಿಕೆ ಕೊಟ್ಟಿರ್ತೀವಿ. ಪತ್ರಿಕೆ ಕೊಟ್ಟ ಮೇಲೆ ಆ ಮನೆಗೆ ಹೊಸ ಸೊಸೆ ಬರ್ತಾಳೆ. ಅವಳನ್ನ ಪಂಕ್ತಿಯಿಂದ ಎಬ್ಬಿಸ್ತೀರಾ? ಕರೆದಿದ್ದು ಮನೆಯನ್ನ! ಇಲ್ಲೂ 'ಈ ಸುತ್ತಿನಲ್ಲಿ' ಅಂತಿದೆ, ಸುತ್ತು ಇನ್ನೂ ಮುಗಿದಿಲ್ಲ. ಈ ಪಾಪದವನು ಯಾಕೆ ಸಾಯಬೇಕು?"

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಆಮೇಲೆ ಗೊತ್ತಾಯಿತು.

"ಇದಕ್ಕಿಂತ ಚೆನ್ನಾಗಿ ನಾನೂ ಹೇಳಕ್ಕಾಗಲ್ಲ" ಎಂದರು ಟೀಚರ್. "ಕಾವಲುಗಾರ ಉಳಿದ."

ಮುಂದಿನ ಸುತ್ತಿನಲ್ಲಿ ಆ ಪಾಪದವನೇ ನನ್ನ ಕೋಟೆ ಕೆಡವಿದ.

ಮಾನಸ ಆನೆ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕುವಾಗ ತಡೆಯಲಾಗಲಿಲ್ಲ. "ಅದು ನಮ್ಮಪ್ಪನ ಬ್ಲಾಕಿಂದು ಕಣಮ್ಮ, ಈಗ ಅದು ಒಡೆದುಹೋಗಿದೆ. ಕಾರ್ಡು ನನಗೇ ಕೊಟ್ಬಿಡ್ತೀಯಾ? ನೀನು ಕೇಳಿದಷ್ಟು ಕೊಡ್ತೀನಿ."

ಅವಳು ಟೀಚರ್ ಕಡೆ ನೋಡಿದಳು. ಟೀಚರ್ ಬಾಟಲಿಯ ಮುಚ್ಚಳ ತಿರುಗಿಸುತ್ತ, "ನಾಗಭೂಷಣ್, ಅವಳ ಕುರ್ಚಿಲಿ ಕೂತ್ಕೊಂಡು ಹೇಳಿ" ಎಂದರು.

ಕೂತೆ. ಇಂಥ ಕಾರ್ಡು ಇನ್ನೊಂದಿಲ್ಲ, ಇನ್ನು ಹುಟ್ಟುವುದೂ ಇಲ್ಲ. ಅಂಗಡಿಯವನ ಹತ್ತಿರ ಇದ್ದರೆ ನಾಳೆಯೂ ಯಾವುದಾದರೂ ಪೋಸ್ಟರಿಗೆ ಪಣಕ್ಕಿಡುತ್ತಾನೆ, ಗೆದ್ದವಳ ಹತ್ತಿರವಾದರೆ ಜೋಪಾನವಾಗಿರುತ್ತದೆ. ಆದ್ದರಿಂದ ಎಷ್ಟು ಕೊಟ್ಟರೂ ಮಾರಬಾರದು ಎಂದು, ಒಂದೇ ಒಂದು ತಪ್ಪಿಲ್ಲದೆ ಸಾಧಿಸಿಬಿಟ್ಟೆ.

"ಥ್ಯಾಂಕ್ಸ್ ಅಂಕಲ್" ಎಂದು ಮಾನಸ ಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡು ಮೆಟ್ರೋಗೆ ಹೊರಟಳು. ಅಪ್ಪನ ಆನೆಗಳು ಶ್ರೀರಾಂಪುರಕ್ಕೆ ಹೋದವು.

ಟೀಚರ್ ಅಂದು ಮೊದಲ ಸಲ ನನ್ನ ಕಾಫಿ ಕುಡಿದರು. "ತೀರ್ಪು ಮುಗೀತಲ್ಲ" ಎಂದರು.